ಊರಿನ ಸೆಳೆತ, ಊರಿನ ನೀರು



ಬೆಂಗಳೂರಿನಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಮಾತಿಗೆ ನಿಂತರೆ ಹೆಸರು ಕೇಳಿದ ಮರುಗಳಿಗೆಗೆ ಬರುವ ಪ್ರಶ್ನೆ ‘ನಿಮ್ಮ ಊರು ಯಾವುದು?’ ಎಂಬುದು. ಮೂವತ್ತು ವರ್ಷ ಇದೇ ನಗರದಲ್ಲಿ ದುಡಿದು, ಇಲ್ಲೇ ಮನೆ ಕಟ್ಟಿ, ಮಕ್ಕಳನ್ನು ಇಲ್ಲೇ ಓದಿಸಿದವರೂ ‘ಬೆಂಗಳೂರು’ ಎಂದು ಉತ್ತರಿಸುವುದು ಕಡಿಮೆ. ತುರುವೇಕೆರೆ ಹತ್ತಿರ ಒಂದು ಹಳ್ಳಿ, ಶಿರಸಿ ಕಡೆ, ಸಿಂದಗಿ ತಾಲ್ಲೂಕು ಎನ್ನುತ್ತಾರೆ. ‘ಇರೋದು ಇಲ್ಲಿ, ಊರು ಮಾತ್ರ ಅಲ್ಲಿ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿಯೂ ಇದ್ದೇವೆ. ಇರುವ ಜಾಗ ಬೇರೆ, ಊರು ಬೇರೆ ಎಂದು ಇಷ್ಟು ಸಹಜವಾಗಿ ಹೇಳಬಲ್ಲ ಜನ ನಾವು. ನಗರ ಬಿಟ್ಟು ಹಳ್ಳಿಯಲ್ಲಿ ಬಾಳುವ ಆಸೆಯನ್ನು ಕುರಿತು ಇಂದು ನಾನು ಹೇಳಬೇಕೆಂದಿರುವುದು ಈ ಮಾತಿನ ಸುತ್ತಲೇ ಇದೆ.

ಆ ಆಸೆಗೆ ‘ಸೆಳೆತ’ ಎಂಬ ಪದವನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ಹೊಳೆದಂಡೆಯವರು ಮಕ್ಕಳಿಗೆ ‘ಅಲ್ಲಿ ಸೆಳೆತ ಇದೆ, ಇಳೀಬೇಡ’ ಎನ್ನುತ್ತಾರೆ. ಮೇಲೆ ತಿಳಿಯಾಗಿ ಕಾಣುವ ನೀರು ಕೆಳಗೆ ಕಾಲು ಹಿಡಿದು ಎಳೆಯುತ್ತಿರುತ್ತದೆ. ಊರಿನ ಸೆಳೆತದಲ್ಲಿಯೂ ಹೀಗೆ ಎರಡು ಪದರಗಳಿವೆ ಎಂದು ನನ್ನ ನಂಬಿಕೆ.

‘ಕೆಟ್ಟು ಪಟ್ಟಣ ಸೇರು’ ಎಂಬುದು ನಮ್ಮ ಹಿಂದಿನವರ ಗಾದೆ. ಮಳೆ ಕೈಕೊಟ್ಟಾಗ, ಸಾಲ ಕುತ್ತಿಗೆಗೆ ಬಂದಾಗ, ದಾಯಾದಿ ವ್ಯಾಜ್ಯದಲ್ಲಿ ಪಾಲು ಕಳೆದುಕೊಂಡಾಗ, ನಾಲ್ಕು ಜನರ ಮುಂದೆ ತಲೆ ಎತ್ತಲಾಗದಂತಾದಾಗ ಪಟ್ಟಣ ಸೇರಬೇಕು. ಯಾಕೆಂದರೆ ಅಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ. ಅಪ್ಪ ಯಾರು, ಸಾಲ ಎಷ್ಟು, ಮನೆ ಯಾಕೆ ಒಡೆಯಿತು ಎಂದು ಕೇಳುವವರಿಲ್ಲ. ಗುರುತಿಲ್ಲದಿರುವುದೇ ಪಟ್ಟಣ ಕೊಡುವ ಆಶ್ರಯ. ಗಾದೆ ಪಟ್ಟಣವನ್ನು ಹೊಗಳುತ್ತಲೂ ಇಲ್ಲ, ತೆಗಳುತ್ತಲೂ ಇಲ್ಲ, ಅದರ ಉಪಯೋಗವನ್ನು ಹೇಳುತ್ತಿದೆ. ಹಾಗಾದರೆ ಹಳ್ಳಿಯ ಉಪಯೋಗ ಇದಕ್ಕೆ ತಿರುವುಮುರುವು: ಅಲ್ಲಿ ಎಲ್ಲರಿಗೂ ಗುರುತಿದೆ. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಹತ್ತು ಗಂಟೆಯೊಳಗೆ ಯಾರಾದರೂ ಬಂದು ಕೂಗುತ್ತಾರೆ. ನಗರದಲ್ಲಿ ಬಳಲಿದವರು ಹಂಬಲಿಸುವುದು ಹಸಿರಿಗೋಸ್ಕರ, ಗಾಳಿಗೋಸ್ಕರ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಸಿರು ಲಾಲ್‌ಬಾಗಿನಲ್ಲಿಯೂ ಇದೆ. ಹಂಬಲ ಇರುವುದು ಆ ಕೂಗಿಗೆ.

1951ರಲ್ಲಿ ಎಂಟು ಲಕ್ಷಕ್ಕಿಂತ ಕಡಿಮೆ ಜನರಿದ್ದ ಬೆಂಗಳೂರು 2011ರ ಜನಗಣತಿಯ ಹೊತ್ತಿಗೆ ಎಂಬತ್ತು ಲಕ್ಷ ದಾಟಿತ್ತು. ಅದೇ ಗಣತಿಯಂತೆ ಕರ್ನಾಟಕದ ಶೇಕಡಾ 38ಕ್ಕೂ ಹೆಚ್ಚು ಜನ ನಗರ ಪಟ್ಟಣಗಳ ವಾಸಿಗಳು. ಅರವತ್ತು ವರ್ಷಗಳಲ್ಲಿ ಒಂದು ನಗರ ಹತ್ತು ಪಟ್ಟು ಬೆಳೆಯಿತೆಂದರೆ ಅಷ್ಟು ಮಂದಿ ಗುರುತನ್ನು ಎಲ್ಲೋ ಬಿಟ್ಟುಬಂದಿದ್ದಾರೆ. ಬಿಟ್ಟುಬಂದದ್ದು ನೆನಪಾಗುತ್ತದೆ, ನೆನಪು ಬರವಣಿಗೆಯಾಗುತ್ತದೆ.

ಆಧುನಿಕ ಕನ್ನಡ ಸಾಹಿತ್ಯದ ಹಳ್ಳಿ ಬಹುಮಟ್ಟಿಗೆ ಹೀಗೆ ದೂರದಿಂದ ನೆನೆದ ಹಳ್ಳಿ. ಕುವೆಂಪು ಅವರು ಕುಪ್ಪಳಿಯ ಕಾಡನ್ನು, ಕವಿಶೈಲವನ್ನು, ತೀರ್ಥಹಳ್ಳಿ ಸೀಮೆಯ ಮಳೆಗಾಲವನ್ನು ಬರೆದದ್ದು ಹೆಚ್ಚಾಗಿ ಮೈಸೂರಿನಲ್ಲಿ ಕುಳಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಂಡೆಯ ಬದುಕನ್ನು ಪ್ರಬಂಧಗಳಲ್ಲಿ ಹಿಡಿದಿಟ್ಟು, ಆ ಊರನ್ನು ಕಾಣದವರಿಗೂ ಅದು ತಮ್ಮ ಊರೇ ಎನಿಸುವಂತೆ ಮಾಡಿದರು. ನಾವು ನಮ್ಮ ಹಳ್ಳಿಯನ್ನು ನೆನೆಸಿಕೊಳ್ಳುವಾಗ ಎಷ್ಟೋ ಸಲ ಇವರ ಹಳ್ಳಿಯನ್ನೇ ನೆನೆಸಿಕೊಳ್ಳುತ್ತಿರುತ್ತೇವೆ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಪ್ರಸಂಗ ಇಲ್ಲಿ ಮನಸ್ಸಿಗೆ ಬರುತ್ತದೆ. 1948ರಲ್ಲಿ ಅವರು ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಅಧ್ಯಯನ ಮಾಡಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂಬ ಹೆಸರಿಟ್ಟರು. ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹತ್ತಿದ ಬೆಂಕಿಯಲ್ಲಿ ಸುಟ್ಟುಹೋದವು. ಆಮೇಲೆ ಅವರು ನೆನಪನ್ನೇ ಆಧಾರವಾಗಿಟ್ಟುಕೊಂಡು ಬರೆದರು. 1976ರಲ್ಲಿ ಪುಸ್ತಕ ಹೊರಬಂದಾಗ ಅದರ ಹೆಸರಿನಲ್ಲಿಯೇ ‘ನೆನಪಿನ ಹಳ್ಳಿ’ ಎಂಬರ್ಥವಿತ್ತು. ಈ ಪುಸ್ತಕದ ಬಗ್ಗೆ ನನಗೆ ಗೌರವ ಹೆಚ್ಚುವುದು ಅದರ ಪ್ರಾಮಾಣಿಕತೆಗಾಗಿ. ತಮ್ಮ ನೋಟ ಮೇಲ್ಜಾತಿಯವರ ನಡುವೆ ನಿಂತು ನೋಡಿದ ನೋಟ ಎಂದು ಶ್ರೀನಿವಾಸರು ಒಪ್ಪಿಕೊಂಡಿದ್ದಾರೆ. ನೆನಪಿಗೆ ಒಂದು ನಿಲ್ಲುವ ಜಾಗವಿರುತ್ತದೆ. ಜಗಲಿಯ ಮೇಲೆ ಕೂತವನ ನೆನಪು ಬೇರೆ, ಅಂಗಳದಾಚೆ ನಿಂತವನ ನೆನಪು ಬೇರೆ.

ಈ ಅಂಗಳದಾಚೆಯ ನೆನಪಿಗೆ ಕನ್ನಡದಲ್ಲಿ ಒಂದು ಜೋಡಿಪದವೇ ಇದೆ: ಊರು-ಕೇರಿ. ಉಚ್ಚರಿಸುವಾಗ ಸಲೀಸಾದ ಪದ. ನಡುವಿನ ಆ ಸಣ್ಣ ಗೆರೆಯಲ್ಲಿ ಶತಮಾನಗಳ ದೂರವಿದೆ. ದಲಿತ ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ಇದೇ ಹೆಸರಿಟ್ಟರು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗನಿಗೆ ಪಟ್ಟಣ ಓದು ಕೊಟ್ಟಿತು, ಮಾತು ಕೊಟ್ಟಿತು, ಗೆಳೆಯರ ದಂಡು ಕೊಟ್ಟಿತು. ಇಂಥವರ ಪಾಲಿಗೆ ಪಟ್ಟಣ ಕೆಟ್ಟು ಸೇರಿದ ಜಾಗವಾಗಲಿಲ್ಲ, ಬದುಕು ನೆಟ್ಟಗಾದ ಜಾಗವಾಯಿತು.

1945ರ ಅಕ್ಟೋಬರಿನಲ್ಲಿ ಗಾಂಧೀಜಿ ಮತ್ತು ನೆಹರೂ ನಡುವೆ ಹಳ್ಳಿಯೋ ಪಟ್ಟಣವೋ ಎಂಬ ಇದೇ ವಿಷಯವಾಗಿ ಪತ್ರವ್ಯವಹಾರ ನಡೆಯಿತು. 1909ರ ‘ಹಿಂದ್ ಸ್ವರಾಜ್’ನಲ್ಲಿ ಹೇಳಿದ್ದಕ್ಕೆ ಬದ್ಧನಾಗಿದ್ದೇನೆ, ಸತ್ಯ ಅಹಿಂಸೆಗಳು ಬೇರೂರಬೇಕಾದದ್ದು ಹಳ್ಳಿಯ ಸರಳತೆಯಲ್ಲಿ ಎಂದು ಗಾಂಧೀಜಿ ವಾದಿಸಿದರು. ಹಳ್ಳಿಯ ಬದುಕು ಬುದ್ಧಿಗೆ, ಸಂಸ್ಕೃತಿಗೆ ಹಿಂದುಳಿದ ವಾತಾವರಣ ಎಂದು ನೆಹರೂ ಉತ್ತರಿಸಿದರು. ಗಾಂಧೀಜಿಯ ಪತ್ರವನ್ನು ಓದದೆ ಅವರ ಹೆಸರನ್ನು ಬಳಸುವವರು ಒಂದಂಶವನ್ನು ಬಿಟ್ಟುಬಿಡುತ್ತಾರೆ. ತಾನು ಹೇಳುತ್ತಿರುವ ಹಳ್ಳಿ ಈಗಿರುವ ಹಳ್ಳಿಯಲ್ಲ, ಅದು ಸದ್ಯಕ್ಕೆ ತನ್ನ ಮನಸ್ಸಿನಲ್ಲಿ ಮಾತ್ರ ಇದೆ ಎಂದು ಅವರು ಅಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ಮೂರು ವರ್ಷಗಳ ನಂತರ, 1948ರ ನವೆಂಬರ್ 4ರಂದು, ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ, ಮತೀಯತೆಯ ಗೂಡೆಂದು ಕರೆದರು. ಕರಡು ಸಂವಿಧಾನ ಹಳ್ಳಿಯನ್ನು ಕೈಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಕನ್ನಡದ ಅನೇಕ ವಿದ್ವಾಂಸರು ಗಾಂಧೀಜಿ, ಅಂಬೇಡ್ಕರ್ ಈ ಇಬ್ಬರ ನಡುವೆ ಒಬ್ಬರನ್ನು ಆರಿಸಿಕೊಳ್ಳುತ್ತಾರೆ. ಅದು ನನಗೆ ಆತುರದ ಕೆಲಸವೆನಿಸುತ್ತದೆ. ಒಬ್ಬರು ಹೇಳಿದ್ದು ಆಗಬೇಕಾದ ಹಳ್ಳಿಯನ್ನು, ಇನ್ನೊಬ್ಬರು ಹೇಳಿದ್ದು ಆಗಿರುವ ಹಳ್ಳಿಯನ್ನು. ಹಳ್ಳಿಗೆ ಹೋಗಿ ಬಾಳಬೇಕೆನ್ನುವವನು ಎರಡನ್ನೂ ಗಂಟು ಕಟ್ಟಿಕೊಂಡೇ ಬಸ್ಸು ಹತ್ತಬೇಕು.

ಈಗ ಇನ್ನೊಂದು ಗಾದೆಗೆ ಬರುತ್ತೇನೆ: ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ?’ ಬಂದಮೇಲೆ ಎದುರಾಗಲೇಬೇಕು, ತಪ್ಪಿಸಿಕೊಳ್ಳಲಾಗದು ಎಂಬ ಅರ್ಥದಲ್ಲಿ ಇದನ್ನು ಬಳಸುತ್ತೇವೆ. ಬಳಸಿ ಬಳಸಿ ಅದರ ಚಿತ್ರ ಮಾಸಿಹೋಗಿದೆ. ಒಂದು ಗಳಿಗೆ ಆ ಚಿತ್ರವನ್ನು ನೋಡೋಣ. ಊರೆಂದರೆ ನೀರಿನ ಸುತ್ತ ಕೂಡಿದ ಜನ. ಹೊಸಬರನ್ನು ಊರು ಕಾಣುವುದು ಬಾವಿಯ ಕಟ್ಟೆಯಲ್ಲಿ, ಕೆರೆಯ ಸೋಪಾನದಲ್ಲಿ. ಬಂದವಳು, ಅಂದರೆ ಮದುವೆಯಾಗಿ ಬಂದ ಹೆಣ್ಣು. ಗಂಡಸು ಊರಲ್ಲಿ ಹುಟ್ಟುತ್ತಾನೆ, ಹೆಂಗಸು ಊರಿಗೆ ಬರುತ್ತಾಳೆ, ಬಂದು ನೀರು ಹೊರುತ್ತಾಳೆ. ಹಳ್ಳಿಯ ಸೆಳೆತವನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ನೀರು ಹೊರದವರು ಎಂಬುದನ್ನು ಈ ಗಾದೆ ನನಗೆ ಮತ್ತೆ ಮತ್ತೆ ನೆನಪಿಸುತ್ತದೆ.

ಶಿವರಾಮ ಕಾರಂತರು ಇದನ್ನು ಎಲ್ಲರಿಗಿಂತ ಮೊದಲು ಕಂಡರು. ‘ಮರಳಿ ಮಣ್ಣಿಗೆ’ ಎಂಬ ಹೆಸರೇ ಹಳ್ಳಿಗೆ ಮರಳುವವರ ಮಂತ್ರವಾಗಿಬಿಟ್ಟಿದೆ. ಕಾದಂಬರಿಯಲ್ಲಿ ಮರಳಿ ಬರುವವನು ಮೂರನೆಯ ತಲೆಮಾರಿನ ರಾಮ. ಆದರೆ ಅವನು ಮರಳಲು ಅಲ್ಲೊಂದು ಮಣ್ಣು ಉಳಿದಿರುವುದು ಪಾರೋತಿ, ಸರಸೋತಿ, ಅವರ ನಂತರ ನಾಗವೇಣಿ ಕಡಲ ಬದಿಯ ಆ ಬಡ ನೆಲಕ್ಕೆ ತಮ್ಮ ಬದುಕನ್ನೇ ಹಾಕಿದ್ದರಿಂದ. ಮಗ ಲಚ್ಚ ಓದಲು ಪೇಟೆಗೆ ಹೋಗಿ ಮನೆ ಹಾಳುಮಾಡುತ್ತಾನೆ, ಮೊಮ್ಮಗ ಪೇಟೆ ನೋಡಿ ಬೇಸತ್ತು ಮರಳುತ್ತಾನೆ. ಹೋಗುವುದಕ್ಕೂ ಮರಳುವುದಕ್ಕೂ ಗಂಡಸಿಗೆ ದಾರಿ ಇತ್ತು. ಉಳಿದವರು ಹೆಂಗಸರು. ಈ ಕಾದಂಬರಿಯನ್ನು ಮಣ್ಣಿನ ಹಾಡೆಂದು ಕೊಂಡಾಡುವಾಗ ನಾವು ಈ ಲೆಕ್ಕವನ್ನು ಮರೆಯುತ್ತೇವೆ. ಇದೇ ಕಾರಂತರು 1933ರಲ್ಲಿಯೇ ‘ಚೋಮನ ದುಡಿ’ಯನ್ನು ಬರೆದಿದ್ದರು. ಮಣ್ಣಿನ ಸೆಳೆತ ಚೋಮನಿಗೆ ಇದ್ದಷ್ಟು ಕನ್ನಡದ ಇನ್ನಾವ ಪಾತ್ರಕ್ಕೆ ಇತ್ತು? ಸ್ವಂತಕ್ಕೆ ಒಂದು ತುಂಡು ಭೂಮಿ ಉಳಬೇಕೆಂಬುದು ಅವನ ಒಂದೇ ಆಸೆ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಗುವುದಿಲ್ಲ. ಊರು ಅವನನ್ನು ಸೆಳೆಯಿತು, ಒಳಗೆ ಬಿಟ್ಟುಕೊಳ್ಳಲಿಲ್ಲ.

ನೀರಿನ ಮಾತಿಗೆ ಮರಳುತ್ತೇನೆ. ಹಳೆ ಮೈಸೂರಿನ ಬಯಲುಸೀಮೆಯಲ್ಲಿ, ಕೋಲಾರ ತುಮಕೂರಿನ ಕಡೆ, ಕೆರೆಯ ನೀರನ್ನು ಹಂಚಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನೇ, ಇಳಿಸುವವನು ಅವನೇ. ಕೋಡಿ ಬಿದ್ದರೆ ಮೊದಲು ತಿಳಿಯುವುದು ಅವನಿಗೆ. ಮಳೆ ಕಡಿಮೆಯಾದ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕಾಲುವೆಯ ಕೊನೆಯ ಗದ್ದೆಗೆ ತಲುಪಿತೋ ಇಲ್ಲವೋ ಎಂಬುದರ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯದ ಪಾಲು ಕೊಡುತ್ತಿದ್ದರು. ಗೌಡನ ಗದ್ದೆಯಾದರೂ ಬಡವನ ಗದ್ದೆಯಾದರೂ ಮಡೆ ತಿರುಗಿಸುವ ಅಧಿಕಾರ ಅವನದು. ಹಂಚಿಕೊಂಡು ಬಾಳುವುದೆಂದರೆ ಏನೆಂದು ಕೇಳಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ನನಗೆ ಕಾಣುವುದಿಲ್ಲ. ಈ ನೀರುಗಂಟಿಗಳಲ್ಲಿ ಅನೇಕರು ದಲಿತ ಕುಟುಂಬಗಳವರು. ಊರಿನ ಎಲ್ಲ ಗದ್ದೆಗಳಿಗೆ ನೀರು ಹಂಚುವ ನಂಬಿಕೆಯನ್ನು ಊರು ಯಾರ ಮೇಲೆ ಇಟ್ಟಿತ್ತೋ ಅವರು ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. 1927ರಲ್ಲಿ ಅಂಬೇಡ್ಕರರು ಮಹಾಡಿನ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಯಾಕೆ ಅಷ್ಟು ದೊಡ್ಡ ಘಟನೆಯಾಯಿತೆಂಬುದು ನೀರುಗಂಟಿಯನ್ನು ನೆನೆದಾಗ ಕನ್ನಡಿಗರಿಗೆ ಇನ್ನಷ್ಟು ಅರ್ಥವಾಗಬೇಕು. ಹಳ್ಳಿಯ ಅತ್ಯುತ್ತಮವಾದದ್ದು ಮತ್ತು ಅತಿ ನೀಚವಾದದ್ದು ಒಂದೇ ನೀರಿನಲ್ಲಿ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದವು. ಒಂದನ್ನು ಹೊಗಳಿ ಇನ್ನೊಂದನ್ನು ಅಪವಾದವೆಂದು ಬದಿಗಿಡುವ ಹಕ್ಕು ನಮಗಿಲ್ಲ.

ಹಾಗಾದರೆ ಹಳ್ಳಿಗೆ ಹೋಗಿ ಬಾಳಿದವರು ಅಲ್ಲಿ ಏನು ಕಂಡರು? ಕನ್ನಡನಾಡಿನಲ್ಲಿ ಇದಕ್ಕೆ ಸಾಕ್ಷಿಗಳಿದ್ದಾರೆ. ಇಬ್ಬರ ಬಗ್ಗೆ ಹೇಳುತ್ತೇನೆ.

ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಎಂ.ಎ. ಮುಗಿಸಿ, ಮೇಷ್ಟರ ಕೆಲಸದ ಕಡೆ ಹೋಗದೆ, ಮೂಡಿಗೆರೆ ಕಡೆ ಕಾಫಿ ತೋಟ ಮಾಡಿದರು. 2007ರ ಏಪ್ರಿಲ್ 5ರಂದು ಅಲ್ಲಿಯ ತಮ್ಮ ಮನೆ ‘ನಿರುತ್ತರ’ದಲ್ಲಿಯೇ ತೀರಿಕೊಂಡರು. ಅವರ ಪುಸ್ತಕಗಳನ್ನು ಓದಿ ಕಾಡಿಗೆ ಮರುಳಾದ ತರುಣರು ಲೆಕ್ಕವಿಲ್ಲದಷ್ಟು. ಆದರೆ ಆ ಪುಸ್ತಕಗಳಲ್ಲಿ ನಿಶ್ಶಬ್ದ ಎಷ್ಟಿದೆ ಹೇಳಿ. ಅಲ್ಲಿರುವುದು ಬಂದ ಜನ, ಹೋದ ಜನ, ಕೆಟ್ಟ ಜೀಪು, ಕಾಣೆಯಾದ ಜೇನುಪೆಟ್ಟಿಗೆ, ಪೋಸ್ಟಾಫೀಸು, ಕೋರ್ಟು, ಜಗಳ. ‘ಕರ್ವಾಲೊ’ದ ವಿಜ್ಞಾನಿಗೆ ಹಾರುವ ಓತಿಯ ದಾರಿ ತೋರಿಸುವವನು ಮಂದಣ್ಣ, ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ಹಳ್ಳಿಯಲ್ಲಿ ತಿಳಿವಳಿಕೆ ಇದೆ, ಅದು ಡಿಗ್ರಿ ಇಲ್ಲದವರ ಬಳಿಯಿದೆ, ಅದನ್ನು ಪಡೆಯಲು ಅವರ ಜೊತೆ ನಡೆಯಬೇಕು ಎಂಬುದು ತೇಜಸ್ವಿ ತೋಟದಿಂದ ಕಲಿತ ಪಾಠ. ಏಕಾಂತವನ್ನು ಅರಸಿ ಹೋದವರಿಗೆ ಈ ಪಾಠ ಸಿಗುವುದಿಲ್ಲ. ನೆಹರೂ ಹೇಳಿದ ‘ಹಿಂದುಳಿದ ವಾತಾವರಣ’ಕ್ಕೆ ಮಂದಣ್ಣನಿಗಿಂತ ಸೊಗಸಾದ ಉತ್ತರ ನನಗೆ ತಿಳಿಯದು.

ಇನ್ನೊಬ್ಬರು ಕೆ. ವಿ. ಸುಬ್ಬಣ್ಣ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಯುವ ಮನೆತನದ ಇವರು ಓದು ಮುಗಿಸಿ ಊರಿನಲ್ಲಿಯೇ ನಿಂತರು. 1949ರಲ್ಲಿ ಹವ್ಯಾಸಿ ನಾಟಕ ತಂಡವಾಗಿ ಹುಟ್ಟಿದ ಅವರ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ‘ತಿರುಗಾಟ’ವನ್ನು ಆರಂಭಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ಸುಲಿದು ಬಂದವರು ಕುರೊಸಾವಾನ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ನೋಡಿ ಚರ್ಚಿಸಿದರು ಎಂಬುದನ್ನು ನಗರದವರು ಬೆರಗಿನಿಂದ ಹೇಳುತ್ತಾರೆ. ಆ ಬೆರಗಿನಲ್ಲಿ ಒಂದಿಷ್ಟು ಅಗೌರವವೂ ಬೆರೆತಿದೆ. ಒಳ್ಳೆಯದು ಪೇಟೆಯಲ್ಲಿರಬೇಕು, ಹಳ್ಳಿಯವರಿಗೆ ಉಳಿದದ್ದು ಸಾಕು ಎಂಬ ನಂಬಿಕೆ ಇದ್ದವರಿಗೆ ಮಾತ್ರ ಹೆಗ್ಗೋಡು ಪವಾಡವಾಗಿ ಕಾಣಬೇಕು. ಸುಬ್ಬಣ್ಣ ಮಾಡಿದ್ದು ಪವಾಡವಲ್ಲ, ನ್ಯಾಯ. ಊರಿನಲ್ಲಿ ಉಳಿಯುವವರು ಲೋಕವನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬುದನ್ನು ಅವರು ಮಾಡಿ ತೋರಿಸಿದರು.

ಆದರೆ ಅದೇ ಸಾಗರ ತಾಲ್ಲೂಕಿನಲ್ಲಿ ಇನ್ನೊಂದು ಹಳ್ಳಿಯಿದೆ, ಕಾಗೋಡು. ಗೇಣಿ ಅಳೆಯುವ ಕೊಳಗದ ವಿಷಯವಾಗಿ ಒಡೆಯರಿಗೂ ಗೇಣಿದಾರರಿಗೂ ಎದ್ದ ವಿವಾದ 1951ರಲ್ಲಿ ಸತ್ಯಾಗ್ರಹವಾಯಿತು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿಯಾಗಿ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕಾನೂನಾಯಿತು. ಒಂದು ಅಳತೆಯ ಪಾತ್ರೆ ಎಷ್ಟು ದೊಡ್ಡದಿರಬೇಕು ಎಂಬ ಜಗಳದಿಂದ ಶುರುವಾದದ್ದು ನಾಡಿನ ಭೂಮಿಯ ಒಡೆತನವನ್ನೇ ಅಲುಗಾಡಿಸುವವರೆಗೆ ಬೆಳೆಯಿತು. ಹೆಗ್ಗೋಡನ್ನು ನೆನೆಯುವ ನಾವು ಕಾಗೋಡನ್ನೂ ಅದರ ಪಕ್ಕದಲ್ಲಿಟ್ಟು ನೆನೆಯಬೇಕು. ಗೇಣಿದಾರನ ಮಗ ಸಂಜೆ ನಾಟಕ ನೋಡಲು ನೆಮ್ಮದಿಯಿಂದ ಬಂದು ಕೂರಬೇಕಾದರೆ ಹಗಲು ಅವನ ಅಪ್ಪನ ಕೊಳಗ ಸರಿಯಿರಬೇಕು.

ಸಭಿಕರೇ, ಈಗ ನಮ್ಮ ದಿನಗಳಿಗೆ ಬರೋಣ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ನಗರಗಳು ಬಾಗಿಲು ಹಾಕಿದಾಗ ಗಂಟು ಹೊತ್ತು ನಡೆದವರೆಲ್ಲ ಊರಿನ ಕಡೆಗೇ ನಡೆದರು. ಊರು ಎಂಬುದು ಕೊನೆಯ ಆಸರೆ ಎಂದು ಆಗ ತಿಳಿಯಿತು. ಅದೇ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ 79ಎ ಮತ್ತು 79ಬಿ ಕಲಮುಗಳ ಅಡ್ಡಿ ಹೋಯಿತು. ನಗರದಲ್ಲಿ ಗಳಿಸಿದವರು ಈಗ ಹಳ್ಳಿಯಲ್ಲಿ ನೆಲ ಕೊಳ್ಳಬಹುದು, ಕೊಳ್ಳುತ್ತಿದ್ದಾರೆ. ಅವರಲ್ಲಿ ಮಣ್ಣನ್ನು ನಿಜವಾಗಿ ಪ್ರೀತಿಸುವವರಿದ್ದಾರೆ. ರಾಸಾಯನಿಕ ಬಿಟ್ಟು, ಸಿರಿಧಾನ್ಯ ಬೆಳೆದು, ನೆರೆಯ ರೈತನಿಂದ ಕಲಿತು, ಅವನಿಗೂ ಕಲಿಸುವವರಿದ್ದಾರೆ. ಅವರ ಬಗ್ಗೆ ನನ್ನ ಗೌರವ ಪೂರ್ಣವಾದದ್ದು. ನನ್ನ ಆತಂಕ ಬೇಲಿಯ ಬಗ್ಗೆ. ಎಕರೆಗಟ್ಟಲೆ ಕೊಂಡು, ಸುತ್ತ ಗೋಡೆ ಎತ್ತಿ, ಗೇಟಿಗೆ ಬೀಗ ಹಾಕಿ, ಸಾವಿರ ಅಡಿಗೆ ಕೊಳವೆಬಾವಿ ಇಳಿಸಿದವನು ಊರಿಗೆ ಬಂದಿದ್ದಾನೆ, ನೀರಿಗೆ ಬಂದಿಲ್ಲ. ಅವನ ಮೋಟಾರು ಎತ್ತುವ ನೀರು ಪಕ್ಕದ ರೈತನ ಬಾವಿಯ ನೀರೂ ಹೌದು. ಆದರೆ ಇಬ್ಬರೂ ಎದುರುಬದುರಾಗುವ ಕಟ್ಟೆ ಎಲ್ಲಿಯೂ ಇಲ್ಲ. ಹಳೆಯ ಗಾದೆಯನ್ನು ಸುಳ್ಳು ಮಾಡಿದ್ದು ಕೊಳವೆಬಾವಿ. ಈ ತಪ್ಪು ನಗರದವನೊಬ್ಬನದೇ ಅಲ್ಲ. ಕೋಲಾರದ ರೈತರು ಸಾಲ ಮಾಡಿ ಒಂದರ ಪಕ್ಕ ಒಂದು ಕೊರೆಸಿದ್ದರಿಂದಲೇ ಕೆರೆ ಅನಾಥವಾಯಿತು, ನೀರುಗಂಟಿಗೆ ಕೆಲಸವಿಲ್ಲದಾಯಿತು.

ಇನ್ನು ಊರಿನಲ್ಲಿಯೇ ಉಳಿದವರ ವಿಷಯ. 2023ರಲ್ಲಿ ಮಂಡ್ಯ ಕಡೆಯ ಅವಿವಾಹಿತ ತರುಣರು, ಹೆಚ್ಚಿನವರು ರೈತರ ಮಕ್ಕಳು, ಮದುವೆಗೆ ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳಲ್ಲಿ ಓದಿ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಕಾವೇರಿ ನಾಲೆಯ ನೀರುಂಟು, ಕಬ್ಬು ಭತ್ತ ಉಂಟು, ಬೆಂಗಳೂರು ಮೈಸೂರು ಎರಡೂ ಹತ್ತಿರ. ಅಂಥ ಊರಿಗೇ ಹೆಣ್ಣುಮಕ್ಕಳು ಬರಲೊಲ್ಲರು. ಆ ತರುಣರ ನೋವು ದೊಡ್ಡದು. ಹಾಗೆಯೇ ಬರಲೊಲ್ಲೆ ಎಂದ ಹುಡುಗಿಯರ ಮಾತನ್ನೂ ಕೇಳಿಸಿಕೊಳ್ಳಬೇಕು. ತಾಯಿ ಬದುಕಿದ್ದನ್ನು ನೋಡಿ ಬೆಳೆದ ಅವರು ತಮ್ಮ ತೀರ್ಪನ್ನು ಹೇಳುತ್ತಿದ್ದಾರೆ. ದುಡಿಮೆಗೆ ಲೆಕ್ಕವಿಲ್ಲ, ಜಮೀನಿನ ಪಹಣಿಯಲ್ಲಿ ಹೆಸರಿಲ್ಲ, ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗುವಂತಿಲ್ಲ, ಮಗುವಿಗೆ ಜ್ವರ ಬಂದರೆ ವೈದ್ಯರು ತಾಲ್ಲೂಕು ಕೇಂದ್ರದಲ್ಲಿ. ಕಾರಂತರ ‘ಬೆಟ್ಟದ ಜೀವ’ ಕಾದಂಬರಿಯ ಗೋಪಾಲಯ್ಯ, ಶಂಕರಮ್ಮ ಮನೆ ಬಿಟ್ಟುಹೋದ ಮಗನಿಗಾಗಿ ಕಾಯುತ್ತಾರೆ. ಎಂಬತ್ತು ವರ್ಷಗಳ ನಂತರ ನಮ್ಮ ಊರುಗಳು ಬಾರದ ಸೊಸೆಗಾಗಿ ಕಾಯುತ್ತಿವೆ.

ಹಳ್ಳಿಯ ಸೆಳೆತ ನಿಜವಾದದ್ದೆಂದು ನಾನು ಒಪ್ಪುತ್ತೇನೆ, ಅದನ್ನು ಅನುಭವಿಸುತ್ತೇನೆ. ಗುರುತಿರುವ ಜಾಗದಲ್ಲಿ ಬಾಳಬೇಕೆಂಬುದು ಮನುಷ್ಯನ ಆಳದ ಹಸಿವುಗಳಲ್ಲಿ ಒಂದು. ನಮ್ಮ ಕೆಲಸದ ಫಲ ಯಾರನ್ನು ತಲುಪಿತೆಂದು ಕಣ್ಣಾರೆ ಕಾಣುವ ಸುಖ ನಗರದಲ್ಲಿ ಅಪರೂಪ. ಹಾಗಾಗಿ ಹೋಗುವವರನ್ನು ತಡೆಯುವ ಮಾತನ್ನು ನಾನು ಆಡಲಾರೆ. ಹೋಗಲಿ, ಆದರೆ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ ಕೂರಲಿ. ಗ್ರಾಮಸಭೆಯಲ್ಲಿ ಕೊನೆಯವರೆಗೆ ಇರಲಿ. ಕೆರೆಯ ಹೂಳೆತ್ತುವ ದಿನ ಗುದ್ದಲಿ ಹಿಡಿದು ಬರಲಿ. ಕೇರಿಯ ಮನೆಯಲ್ಲಿ ಕೂತು ನೀರು ಕುಡಿಯಲಿ, ತಮ್ಮ ಮನೆಯ ನಡುಮನೆಗೆ ಅವರನ್ನು ಕರೆಯಲಿ. ಇಷ್ಟು ಮಾಡಿದವರಿಗೆ ಊರಿನ ನೆಮ್ಮದಿ ಕಡಿಮೆಯೇ ಸಿಕ್ಕೀತು, ಊರು ಸಿಕ್ಕುತ್ತದೆ.

ಮೊದಲಿಗೆ ಹೇಳಿದ ಪ್ರಶ್ನೆಯೊಂದು ಬಾಕಿ ಉಳಿದಿದೆ. ‘ನಿಮ್ಮ ಊರು ಯಾವುದು?’ ಎಂದು ಅಕ್ಕರೆಯಿಂದ ಕೇಳುವವರಿದ್ದಾರೆ. ಅದೇ ಪ್ರಶ್ನೆಯ ಬೆನ್ನಿಗೆ ‘ಅಲ್ಲಿ ಯಾರ ಪೈಕಿ?’ ಎಂದು ಕೇಳುವವರೂ ಇದ್ದಾರೆ. ಬಾಡಿಗೆ ಮನೆ ಹುಡುಕುವಾಗ, ಹೊಸ ಕಚೇರಿಯ ಊಟದ ಹೊತ್ತಿನಲ್ಲಿ, ಹಾಸ್ಟೆಲಿನ ಮೊದಲ ದಿನ ಈ ಎರಡನೆಯ ಪ್ರಶ್ನೆ ಬರುತ್ತದೆ. ಕೇರಿಯಲ್ಲಿ ಹುಟ್ಟಿ, ಓದಿ, ಈ ನಗರದಲ್ಲಿ ಕೆಲಸ ಹಿಡಿದ ಹುಡುಗಿಗೆ ತನ್ನ ಊರಿನ ಹೆಸರು ಗೊತ್ತಿದೆ. ಅಲ್ಲಿಯ ಹುಣಸೆಮರ ಗೊತ್ತು, ಕೆರೆ ಏರಿ ಗೊತ್ತು, ಅಜ್ಜ ತೂಬು ಎತ್ತುತ್ತಿದ್ದ ಕತೆಯೂ ಗೊತ್ತು. ಕೇಳಿದವರ ಮುಖವನ್ನು ಒಂದು ಕ್ಷಣ ನೋಡಿ ಅವಳು ‘ಬೆಂಗಳೂರು’ ಎನ್ನುತ್ತಾಳೆ.